ಟೆಸ್ಟರ್ ಸೂಜಿಯನ್ನು ಕಲ್ಲಿನ ಮೇಲೆ ಓಡಿಸಬೇಡಿ

ಪ್ರಶ್ನೆ: ಸಾರ್, ಅಂತರಸನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಒಂದೇ ಸರ್ಫೇಸ್ ಗ್ರೈಂಡರ್, ಅದರ ಉಜ್ಜುವ ಕಲ್ಲಿನ ನಂಬರ್ ಎ60ಕೆ5ವಿ. ಬೆಳಿಗ್ಗೆ ಶಿಫ್ಟಿನಲ್ಲಿ ಜಾಬಿನ, ಅಂದರೆ ಉಜ್ಜಿದ ತುಂಡಿನ, ಫಿನಿಶ್ 0.4 ಆರ್‌ಎ (ಒರಟುತನದ ಅಳತೆ, ಮೈಕ್ರಾನಿನಲ್ಲಿ) ಬಂದರೆ ಸಂಜೆ 0.8 ಬರುತ್ತೆ. ಕಲ್ಲಿನಲ್ಲೇ ದೋಷ ಇರಬಹುದು ಅಂತ ರಫ್‌ನೆಸ್ ಟೆಸ್ಟರನ್ನು ಕಲ್ಲಿನ ಮೇಲೇ ಇಟ್ಟು ನೋಡಿದೆ. ಒಮ್ಮೆ ಒಂದು ನಂಬರ್, ಇನ್ನೊಮ್ಮೆ ಎರರ್. ಕಲ್ಲಿನ ಮೈ ಅಳೆಯೋದು ಹೇಗೆ?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಈ ಕೆಲಸ ಮಾಡಿ. ಟೆಸ್ಟರ್ ಡಬ್ಬಿಯಲ್ಲಿ ಬಂದ ಮಾದರಿ ಪ್ಲೇಟಿನ ಮೇಲೆ ಒಮ್ಮೆ ಅಳೆಯಿರಿ. ಪ್ಲೇಟಿನಲ್ಲಿ ಬರೆದಿದ್ದಕ್ಕಿಂತ ಕಡಿಮೆ ತೋರಿಸಿದರೆ ಸೂಜಿಯ ತುದಿ ಹಾಳಾಗಿರಬಹುದು. ಆ ತುದಿ ವಜ್ರದ್ದೇ, ಆದರೆ ಅದರ ದುಂಡು ಬರೀ 2 ಅಥವಾ 5 ಮೈಕ್ರಾನ್. ಕಲ್ಲಿನ ಕಾಳಿಗೆ (ಲೋಹ ಕೊರೆಯುವ ಹರಳಿಗೆ) ಬಡಿದರೆ ಮುಕ್ಕಾಗುತ್ತೆ. ಮೊಂಡಾದ ಸೂಜಿ ಸಣ್ಣ ಗೀರುಗಳ ಒಳಗೆ ಇಳಿಯೋದಿಲ್ಲ. ಆಗ ಕೆಟ್ಟ ಜಾಬೂ ಚೆನ್ನಾಗಿದೆ ಅಂತ ತೋರಿಸುತ್ತೆ. ನನಗೆ ಜಾಸ್ತಿ ಭಯ ಅದರದ್ದೇ.

60 ನಂಬರ್ ಕಲ್ಲಿನಲ್ಲಿ ಒಂದು ಕಾಳು ಸುಮಾರು 0.25 ಮಿ.ಮೀ., ಅಂದರೆ 250 ಮೈಕ್ರಾನ್. ಕಾಳುಗಳ ಮಧ್ಯೆ ಆಳವಾದ ಗುಂಡಿಗಳಿರುತ್ತವೆ. ಸಣ್ಣ ಟೆಸ್ಟರ್‌ಗಳು ಅಂಥ ಮೈಗೆ ಮಾಡಿದ್ದಲ್ಲ. ಇನ್ನೊಂದು ಮಾತು: ಆರ್‌ಎ ಅಂದರೆ ಮೈಯ ಉಬ್ಬುತಗ್ಗುಗಳ ಸರಾಸರಿ. ಗುಂಡಿಗಳೇ ಆ ಲೆಕ್ಕವನ್ನು ನುಂಗಿಬಿಡುತ್ತವೆ. ಲೋಹ ಕೊರೆಯೋದು ಕಾಳಿನ ನೆತ್ತಿ ಮಾತ್ರ, ಅಲ್ವಾ? ಹರಿತವಾದ ಕಲ್ಲಿಗೂ ನೆತ್ತಿ ಸವೆದ ಕಲ್ಲಿಗೂ ಹೆಚ್ಚುಕಡಿಮೆ ಒಂದೇ ಆರ್‌ಎ ಬರಬಹುದು.

ನೆತ್ತಿ ನೋಡಲು ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಮೇನ್ ಸ್ವಿಚ್ ಆಫ್ ಮಾಡಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಕಾಳುಗಳು ಚಪ್ಪಟೆಯಾಗಿ ಮಿಣಮಿಣ ಹೊಳೆದರೆ ಸವೆದಿವೆ. ಗುಂಡಿಗಳಲ್ಲಿ ಲೋಹದ ಚೂರು ಕೂತಿದ್ದರೆ ಕಲ್ಲು ಕಟ್ಟಿಕೊಂಡಿದೆ. ಎರಡಕ್ಕೂ ಡ್ರೆಸ್ಸಿಂಗೇ, ಅಂದರೆ ಡೈಮಂಡ್ ತುದಿಯಿಂದ ಕಲ್ಲಿನ ಮೈ ಕೆರೆದು ಹೊಸದು ಮಾಡೋದೇ, ಮದ್ದು. ಹಿಂದೆ ರಾಗಿ ಬೀಸೋ ಕಲ್ಲು ನುಣುಪಾದರೆ ಉಳಿಯಲ್ಲಿ ಕೊಚ್ಚಿಸುತ್ತಿದ್ದರಲ್ಲ, ಹಾಗೇ.

ಅಳೆಯಲೇಬೇಕು ಅಂದರೆ ಅಚ್ಚು ತೆಗೆಯಿರಿ. ಹಲ್ಲಿನ ಡಾಕ್ಟರು ಬಳಸುವ ಎರಡು ಭಾಗದ ಸಿಲಿಕೋನ್ ಕಲಸಿ, ನಿಂತ ಕಲ್ಲಿಗೆ ಒತ್ತಿ. ಗಟ್ಟಿಯಾದ ಮೇಲೆ ನಿಧಾನವಾಗಿ ಸುಲಿಯಿರಿ. ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಬಂದಿರುತ್ತೆ. ಇದು ಮೆತ್ತಗಿರೋದರಿಂದ ಸೂಜಿ ಆಗೋದಿಲ್ಲ, ಬೆಳಕಿನಿಂದ ಅಳೆಯುವ ಮೈಕ್ರೋಸ್ಕೋಪೇ ಬೇಕು. ನಿಮ್ಮ ತುಮಕೂರು ರಸ್ತೆಯಲ್ಲೇ ಬೆಂಗಳೂರಿನ ಸಿಎಂಟಿಐ (ಕೇಂದ್ರ ಸರ್ಕಾರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಇದೆ. ಫೋನ್ ಮಾಡಿ ವಿಚಾರಿಸಿಯೇ ಹೋಗಿ. ಅಚ್ಚು ತೆಗೆದ ಜಾಗವನ್ನು ಮತ್ತೆ ಡ್ರೆಸ್ ಮಾಡದೆ ಜಾಬಿಗೆ ಇಳಿಸಬೇಡಿ.

ಆದರೆ ನಿಮ್ಮ ತೊಂದರೆಗೆ ಅಷ್ಟೆಲ್ಲ ಬೇಕಾಗದು ಅನ್ನಿಸುತ್ತೆ. ಡ್ರೆಸ್ಸಿಂಗ್ ಕೈಯಲ್ಲೇ ತಿರುಗಿಸಿ ಮಾಡುತ್ತೀರಿ ತಾನೆ? ಕಲ್ಲು 2800 ಆರ್‌ಪಿಎಂ, ಅಗಲ 20 ಮಿ.ಮೀ. ಅಂತಿಟ್ಟುಕೊಳ್ಳಿ. ಡೈಮಂಡ್ 2 ಸೆಕೆಂಡಿನಲ್ಲಿ ದಾಟಿದರೆ ಒಂದು ಸುತ್ತಿಗೆ ಸುಮಾರು 0.21 ಮಿ.ಮೀ. ಸರಿಯುತ್ತೆ. 5 ಸೆಕೆಂಡಾದರೆ 0.09 ಮಾತ್ರ. ಮೊದಲನೆಯದರಲ್ಲಿ ಕಲ್ಲು ಒರಟು, ಎರಡನೆಯದರಲ್ಲಿ ನಯ. ಬೆಳಗಿನವರು ನಿಧಾನವಾಗಿ, ಸಂಜೆಯವರು ಸರಸರನೆ ತಿರುಗಿಸುತ್ತಿದ್ದಾರೆ ಅಂತ ನನ್ನ ಊಹೆ. ಎರಡೂ ಶಿಫ್ಟಿನವರನ್ನು ನಿಲ್ಲಿಸಿ, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. ಡೈಮಂಡ್ ಸವೆದಿದೆಯಾ ಅಂತಲೂ ನೋಡಿ. ಆಮೇಲೆ ಎರಡೂ ಶಿಫ್ಟಿಗೆ 5 ಸೆಕೆಂಡ್, 0.02 ಮಿ.ಮೀ. ಕಟ್ ಅಂತ ಮೆಷಿನ್ ಮೇಲೆ ಬರೆದು ಅಂಟಿಸಿ, ಒಂದು ವಾರ ಜಾಬಿನ ಫಿನಿಶ್ ಬರೆದಿಡಿ. ಆಗಲೂ 0.8 ಬಂದರೆ ಆ ಪಟ್ಟಿಯ ಜೊತೆ ಮತ್ತೆ ಬರೆಯಿರಿ.