ರೋಗಾಣು ಸಾಯದೆಯೂ ರೋಗಿ ಚೇತರಿಸಿಕೊಂಡದ್ದನ್ನು ಮೊದಲು ಹೇಳಿ

ಮಾನ್ಯರೇ,

‘ಶ್ವಾಸಕೋಶಕ್ಕೆ ಹೊಸ ಸಂಜೀವಿನಿ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಕೆಲವು ಆ್ಯಂಟಿಬಯಾಟಿಕ್‌ಗಳು ರೋಗಾಣುಗಳನ್ನು ಕೊಲ್ಲುವುದಲ್ಲದೆ ಉಸಿರುನಾಳದ ಉರಿಯೂತವನ್ನೂ ತಗ್ಗಿಸುತ್ತವೆ ಎಂಬ ವಿಷಯ ಕನ್ನಡದಲ್ಲಿ ಬರಲೇಬೇಕಾದದ್ದು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ಮೂರನೆಯ ಪುಟದಲ್ಲಿ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಕುರಿತು ‘ಈ ಔಷಧ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ’ ಎಂದು ಬರೆದಿದ್ದೀರಿ. ಇದು ತಪ್ಪು. ಉಸಿರುನಾಳದ ಒಳಪದರದ ಕೋಶಗಳು ಇಂಟರ್‌ಲ್ಯೂಕಿನ್-8 ಎಂಬ ಸಂಕೇತವನ್ನು ಹೊರಬಿಟ್ಟಾಗ ರಕ್ತದಲ್ಲಿರುವ, ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಅದರ ಜಾಡು ಹಿಡಿದು ಗುಂಪಾಗಿ ಬರುತ್ತವೆ. ದೀರ್ಘಕಾಲದ ಕಾಯಿಲೆಯಲ್ಲಿ ಈ ದಂಡು ಹಿಂದಿರುಗುವುದೇ ಇಲ್ಲ, ರೋಗಾಣುವಿಗೆಂದು ಕೂಡಿಟ್ಟ ಕಿಣ್ವಗಳಿಂದ ನಮ್ಮ ಅಂಗಾಂಶವನ್ನೇ ಹಾಳುಗೆಡವುತ್ತದೆ. ಅಜಿತ್ರೊಮೈಸಿನ್ ಆ ಸಂಕೇತವನ್ನು ಕುಗ್ಗಿಸುತ್ತದೆ, ಸತ್ತ ಕೋಶಗಳನ್ನು ನುಂಗಿ ತೆರವುಗೊಳಿಸುವ ಮ್ಯಾಕ್ರೋಫೇಜ್‌ಗಳ ಕೆಲಸವನ್ನು ಚುರುಕಾಗಿಸುತ್ತದೆ. ಅಂದರೆ ಅದು ಮಾಡುವುದು ಹದ್ದುಬಸ್ತಿನ ಕೆಲಸ. ‘ಶಕ್ತಿ ಹೆಚ್ಚುತ್ತದೆ’ ಎಂದು ಓದಿದವರು ಮರುದಿನವೇ ಔಷಧದಂಗಡಿಗೆ ಹೋಗಿ ಚೀಟಿಯಿಲ್ಲದೆ ಮಾತ್ರೆ ಕೇಳಿಯಾರು ಎಂಬುದೇ ನನ್ನ ದೊಡ್ಡ ಆತಂಕ.

ನಿಮ್ಮ ಲೇಖನದ ಜೀವಾಳ ಆರನೆಯ ಪುಟದಲ್ಲಿ ಎರಡು ಸಾಲಿನಲ್ಲಿ ಹೂತುಹೋಗಿದೆ. ಜಪಾನಿನಲ್ಲಿ ಡಿಫ್ಯೂಸ್ ಪ್ಯಾನ್‌ಬ್ರಾಂಕಿಯೊಲೈಟಿಸ್ ಎಂಬ, ಸಣ್ಣ ಉಸಿರುನಾಳಗಳು ದೀರ್ಘಕಾಲ ಉರಿಯೂತಕ್ಕೊಳಗಾಗುವ ಕಾಯಿಲೆಗೆ ತುತ್ತಾದವರಲ್ಲಿ 1970ರ ದಶಕದಲ್ಲಿ ಐದು ವರ್ಷ ಬದುಕಿ ಉಳಿಯುತ್ತಿದ್ದವರು ಶೇ. 63, ಅಲ್ಲಿನ ವೈದ್ಯ ಷೋಜಿ ಕುಡೋ ಮತ್ತು ಸಂಗಡಿಗರು ದಿನಕ್ಕೆ 400–600 ಮಿಲಿಗ್ರಾಂ ಎರಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ದೀರ್ಘಕಾಲ ಕೊಡುವ ಪದ್ಧತಿ ರೂಢಿಗೆ ತಂದ ಮೇಲೆ, 1985ರ ನಂತರದ ರೋಗಿಗಳಲ್ಲಿ ಆ ಪ್ರಮಾಣ ಶೇ. 91ಕ್ಕೆ ಏರಿತು. ವಿಶೇಷವೆಂದರೆ, ಅವರಲ್ಲಿ ಅನೇಕರ ಕಫದಲ್ಲಿದ್ದ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಸಾಮರ್ಥ್ಯ ಆ ಪ್ರಮಾಣದ ಎರಿತ್ರೊಮೈಸಿನ್‌ಗೆ ಇರಲಿಲ್ಲ. ರೋಗಾಣು ಉಳಿದುಕೊಂಡೇ ರೋಗಿ ಚೇತರಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಯೇ ನಿಮ್ಮ ಮೊದಲ ಪ್ಯಾರಾ ಆಗಬೇಕು.

‘ಎಲ್ಲ ಆ್ಯಂಟಿಬಯಾಟಿಕ್‌ಗಳೂ’ ಎಂಬ ಮಾತನ್ನು ತೆಗೆದುಹಾಕಿ. ಅಜಿತ್ರೊಮೈಸಿನ್, ಎರಿತ್ರೊಮೈಸಿನ್ ಸೇರಿದ ಮ್ಯಾಕ್ರೊಲೈಡ್ ಎಂಬ ಗುಂಪಿನಲ್ಲಿಯೂ ಉರಿಯೂತ ತಗ್ಗಿಸುವ ಈ ಗುಣ ಮುಖ್ಯವಾಗಿ ಕಂಡದ್ದು 14 ಮತ್ತು 15 ಪರಮಾಣುಗಳ ಉಂಗುರವುಳ್ಳವುಗಳಲ್ಲಿ.

ಅಪಾಯಗಳಿಗೆ ನೀವು ಒಂದೇ ವಾಕ್ಯ ಕೊಟ್ಟಿರುವುದನ್ನು ಒಪ್ಪಲಾರೆ. 2011ರಲ್ಲಿ ಪ್ರಕಟವಾದ, 1,142 ಸಿಒಪಿಡಿ (ಉಸಿರುನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳ ಅಮೆರಿಕದ ಪ್ರಯೋಗದಲ್ಲಿ ವರ್ಷವಿಡೀ ದಿನಕ್ಕೆ 250 ಮಿಲಿಗ್ರಾಂ ಅಜಿತ್ರೊಮೈಸಿನ್ ಪಡೆದವರಿಗೆ ಕಾಯಿಲೆ ಉಲ್ಬಣಿಸಿದ್ದು ವರ್ಷಕ್ಕೆ ಸರಾಸರಿ 1.48 ಬಾರಿ, ಪಡೆಯದವರಿಗೆ 1.83 ಬಾರಿ, ಆದರೆ ಶ್ರವಣಶಕ್ತಿ ಕುಗ್ಗಿದವರು ಔಷಧ ಪಡೆದವರಲ್ಲಿ ಶೇ. 25, ಉಳಿದವರಲ್ಲಿ ಶೇ. 20. ನೀವು ಮೊದಲ ಜೋಡಿಯನ್ನಷ್ಟೇ ಉಲ್ಲೇಖಿಸಿದ್ದೀರಿ. ಎರಡನೆಯದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಹೃದಯಬಡಿತದ ಲಯ ತಪ್ಪುವ ಸಾಧ್ಯತೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಭಯ, ಚಿಕಿತ್ಸೆಗೆ ಮುನ್ನ ಕ್ಷಯವಲ್ಲದ ಮೈಕೊಬ್ಯಾಕ್ಟೀರಿಯಾ ಸೋಂಕಿಗಾಗಿ ಕಫ ಪರೀಕ್ಷಿಸಬೇಕಾದ ಕಾರಣ, ಇವಕ್ಕೂ ಜಾಗ ಬೇಕು.

‘ಪರಿಣಾಮಗಳು ಪ್ರದರ್ಶಿಸಲ್ಪಟ್ಟಿವೆ’ ಎಂಬಂಥ ವಾಕ್ಯಗಳನ್ನು ‘ಉರಿಯೂತ ಇಳಿಯಿತು’ ಎಂದು ಬದಲಿಸಿ. ಸಾವಿರ ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಆ ಕರಡನ್ನೂ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ