ಒಂದು ರೂಪಾಯಿಗೆ ಒಂದು ನಗು

ಪತ್ರ: "ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಒಂದು ಕನ್ನಡ ಮಾಧ್ಯಮ ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯಲ್ಲಿ ಟೀಚರ್ ನಾನು. ಏಳನೇ ಕ್ಲಾಸಿನಲ್ಲಿ 23 ಮಕ್ಕಳು. ಯಾರಾದರೂ ಓದುವಾಗ ತಪ್ಪಿದರೆ ಉಳಿದವರು ನಗುತ್ತಾರೆ, ಅಡ್ಡಹೆಸರು ಇಡುತ್ತಾರೆ. 'ಎಲ್ಲರನ್ನೂ ಗೌರವಿಸಿ' ಅಂತ ಚಾರ್ಟ್ ಬರೆದು ಗೋಡೆಗೆ ಹಾಕಿದೆ. ನಕ್ಕವರು ಒಂದು ರೂಪಾಯಿ ದಂಡ ಹಾಕಬೇಕು ಅಂತ ಡಬ್ಬಿ ಇಟ್ಟೆ. ಒಂದೂವರೆ ತಿಂಗಳಲ್ಲಿ 47 ರೂಪಾಯಿ ಆಗಿದೆ, ನಗು ಕಡಿಮೆಯಾಗಿಲ್ಲ. ಮನೆಯಲ್ಲಿ ಬ್ಯಾರಿ ಮಾತಾಡುವ ಒಬ್ಬಳು ಹುಡುಗಿ ಈಗ ಓದುವ ಪೀರಿಯಡ್ ಬಂದ ಕೂಡಲೇ ಹೊಟ್ಟೆನೋವು ಅನ್ನುತ್ತಾಳೆ. ಹೊಡೆಯದೆ ಇವರು ಸರಿಯಾಗುವುದಿಲ್ಲ ಅಂತ ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಎಂತ ಮಾಡುವುದು? ಮಕ್ಕಳು ಒಬ್ಬರನ್ನೊಬ್ಬರು ಹೊಗಳುವುದನ್ನು ಹೇಗೆ ಕಲಿಸುವುದು?"
— ಹೆಸರು ಹಾಕಬೇಡಿ ಎಂದ ಓದುಗರು

ಟೀಚರೇ,

ನಿಮ್ಮ ಪತ್ರ ಓದಿ ಮುಗಿಸುವಾಗ ನನಗೆ ನನ್ನ ಆರನೇ ಕ್ಲಾಸು ನೆನಪಾಯಿತು. ಪಾಠದಲ್ಲಿ 'ಬಾಳೆಹಣ್ಣು' ಅಂತ ಇತ್ತು. ನನ್ನ ಪಕ್ಕದ ಬೆಂಚಿನವನು ಎದ್ದು ನಿಂತು 'ಬಾಲೆಹನ್ನು' ಅಂತ ಓದಿದ. ಮೊದಲು ನಕ್ಕದ್ದು ಮಾಷ್ಟ್ರು. ಅವರೇ ನಕ್ಕ ಮೇಲೆ ನಮಗೆ ಕೇಳಬೇಕಾ? ಹತ್ತನೇ ಕ್ಲಾಸು ಮುಗಿಯುವವರೆಗೆ ಅವನು ನಮಗೆಲ್ಲ ಬಾಲೆಹನ್ನು. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ಊಟದಲ್ಲಿ ಸಿಕ್ಕಿದ. ನನ್ನ ಹೆಸರು ಹಿಡಿದು ಕರೆದ, ಮಕ್ಕಳು ಎಷ್ಟು ಅಂತ ಕೇಳಿದ. ನಾನು ತಿರುಗಿ ಮಾತಾಡಬೇಕು, ಬಾಯಿಗೆ ಬಂದದ್ದು ಆ ಹಣ್ಣು ಮಾತ್ರ. ಅವನ ನಿಜವಾದ ಹೆಸರು ನೆನಪಾಗಲೇ ಇಲ್ಲ. ಸುಮ್ನೆ 'ಮಾರಾಯ, ಮಾರಾಯ' ಅಂತಲೇ ಊಟ ಮುಗಿಸಿದೆ.

ಅವನ ಮನೆಮಾತೂ ಬ್ಯಾರಿಯೇ. ಬ್ಯಾರಿಯಲ್ಲಿ ಳ, ಣ ಎರಡೂ ಲ, ನ ಆಗಿಬಿಡುತ್ತವೆ. ಅಂದರೆ ಆ ಹುಡುಗ ತಪ್ಪು ಓದಿದ್ದೇ ಅಲ್ಲ, ಮನೆಯ ನಾಲಿಗೆಯಲ್ಲಿ ಕನ್ನಡ ಓದಿದ. ಕಾಸರಗೋಡು ಏಳು ಭಾಷೆಯ ಊರು ಅಂತ ನಾವು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಆ ಏಳೂ ಭಾಷೆ ಒಂದೇ ಬೆಂಚಿನಲ್ಲಿ ಕೂತರೆ ನಗುತ್ತೇವೆ. ಈ ಳ-ಲ ವಿಷಯವನ್ನು ನಿಮ್ಮ ಕ್ಲಾಸಿಗೆ ಒಮ್ಮೆ ಬಿಡಿಸಿ ಹೇಳಿ. ಆ ಹುಡುಗಿಯ ಹೆಸರು ಎತ್ತಬೇಡಿ. ತುಳುವಿನವರಿಗೆ ಮಲಯಾಳದ ಒಂದು ವಾಕ್ಯ ಕೊಡಿ, ಹವ್ಯಕ ಮಕ್ಕಳಿಗೆ ಕೊಂಕಣಿಯದು ಕೊಡಿ, ನೀವೂ ಒಂದು ಬ್ಯಾರಿ ವಾಕ್ಯ ಹೇಳಲು ಹೋಗಿ ತಪ್ಪಿ. ಅವತ್ತು ಎಲ್ಲರೂ ನಗಲಿ. ಎಲ್ಲರ ನಾಲಿಗೆಯೂ ತೊಡರುವ ನಗು ಬೇರೆ, ಒಬ್ಬರ ಮೇಲೆ ಬೀಳುವ ನಗು ಬೇರೆ. ಅದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಇನ್ನು ಡಬ್ಬಿ. ಬೇಸರ ಮಾಡಬೇಡಿ, ಅದನ್ನು ಇವತ್ತೇ ತೆಗೆಯಿರಿ. ನೀವು ನಗುವಿಗೆ ಒಂದು ರೇಟು ಕಟ್ಟಿದ್ದೀರಿ. ಕಿಸೆಯಲ್ಲಿ ರೂಪಾಯಿ ಇರುವವನು ನಗುತ್ತಾನೆ, ಡಬ್ಬಿಗೆ ಹಾಕುತ್ತಾನೆ, ಲೆಕ್ಕ ಚುಕ್ತಾ. ಇಸ್ರೇಲಿನ ಹೈಫಾ ನಗರದ ಹತ್ತು ಡೇ ಕೇರ್‌ಗಳಲ್ಲಿ ಇಂಥದ್ದನ್ನೇ ಪರೀಕ್ಷಿಸಿ ನೋಡಿದವರಿದ್ದಾರೆ. 2000ದಲ್ಲಿ ಅದು ಪ್ರಕಟವಾಯಿತು. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ತಡವಾಗಿ ಬರುವ ಅಪ್ಪ-ಅಮ್ಮಂದಿರಿಗೆ ಕೆಲವು ಕಡೆ ದಂಡ ಹಾಕಿದರು. ಅಲ್ಲೆಲ್ಲ ತಡವಾಗಿ ಬರುವವರು ಜಾಸ್ತಿಯಾದರು! ಮೊದಲು 'ಛೆ, ಟೀಚರ್ ಕಾಯುತ್ತಿದ್ದಾರೆ' ಅಂತ ನಾಚಿಕೆ ಇತ್ತು. ದುಡ್ಡು ಕೊಟ್ಟ ಮೇಲೆ ಅದೂ ಹೋಯಿತು. ಆಮೇಲೆ ದಂಡ ತೆಗೆದರೂ ಜನ ಮೊದಲಿನ ಹಾಗೆ ಆಗಲಿಲ್ಲ. ಹಾಗಾಗಿ ಡಬ್ಬಿ ತೆಗೆದ ಮರುದಿನವೇ ನಗು ನಿಲ್ಲುತ್ತದೆ ಅಂತ ನಾನು ಹೇಳುವುದಿಲ್ಲ.

ಚಾರ್ಟ್ ಇರಲಿ, ಅದರಿಂದ ತೊಂದರೆ ಏನೂ ಇಲ್ಲ. ಉಪಕಾರವೂ ಇಲ್ಲ.

ಮಕ್ಕಳು ಪಕ್ಕದವನನ್ನು ನೋಡಿ ಯಾಕೆ ನಗುತ್ತಾರೆ? ಅವನು ತಪ್ಪಿದರೆ ಇವನಿಗೆ ನಷ್ಟ ಏನೂ ಇಲ್ಲ, ಅದಕ್ಕೆ. ನಾವು ಕ್ಲಾಸು ನಡೆಸುವ ರೀತಿಯೇ ಹಾಗೆ ಉಂಟು. ಪ್ರಶ್ನೆ ಕೇಳುತ್ತೇವೆ, ಹತ್ತು ಕೈ ಮೇಲೇಳುತ್ತದೆ. ಎದ್ದು ನಿಂತವನು ತಪ್ಪಿದರೆ ಉಳಿದ ಒಂಬತ್ತು ಮಂದಿಗೆ ಚಾನ್ಸ್! ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ 1971ರಲ್ಲಿ ಎಲಿಯಟ್ ಆರನ್ಸನ್ ಎಂಬ ಮನಃಶಾಸ್ತ್ರಜ್ಞರು ಹಿಡಿದದ್ದು ಈ ಗಂಟನ್ನೇ. ಬಿಳಿಯರು, ಕರಿಯರು, ಮೆಕ್ಸಿಕೋ ಮೂಲದವರು ಅಲ್ಲಿ ಆಗಷ್ಟೇ ಒಂದೇ ಶಾಲೆಗೆ ಸೇರಿದ್ದರು. ದಿನಾ ಜಗಳ. ಆರನ್ಸನ್ ಉಪದೇಶಕ್ಕೆ ಹೋಗಲಿಲ್ಲ. ಪಾಠವನ್ನು ತುಂಡು ಮಾಡಿ ಗುಂಪಿನ ಪ್ರತಿ ಮಗುವಿಗೆ ಒಂದೊಂದು ತುಂಡು ಕೊಟ್ಟರು. ಜಿಗ್‌ಸಾ ಅಂತ ಅದಕ್ಕೆ ಹೆಸರು. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಒಬ್ಬ ಹುಡುಗ ತನ್ನ ಭಾಗ ಹೇಳಲು ತೊದಲಿದಾಗ ಗುಂಪಿನವರು ಗೇಲಿ ಮಾಡಿದರಂತೆ. ಪಕ್ಕದಲ್ಲಿದ್ದ ಸಹಾಯಕಿ ಬೈಯಲಿಲ್ಲ. ಗೇಲಿ ಮಾಡಿದರೆ ಅವನಿಗೆ ಗೊತ್ತಿರುವುದು ನಿಮಗೆ ಸಿಗುವುದಿಲ್ಲ, ಪರೀಕ್ಷೆ ಹತ್ತಿರ ಬಂತು ಅಂತ ನೆನಪು ಮಾಡಿದರು, ಅಷ್ಟೆ. ಕೆಲವು ದಿನಗಳಲ್ಲಿ ಆ ಮಕ್ಕಳು ಅವನಿಂದ ವಿಷಯ ಹೊರಡಿಸುವ ಹಾಗೆ ಪ್ರಶ್ನೆ ಕೇಳಲು ಕಲಿತರು.

ನಿಮ್ಮಲ್ಲಿ ಹೀಗೆ ಮಾಡಬಹುದು. 'ನಮ್ಮ ಕಾಸರಗೋಡು' ಅಂತ ಒಂದು ಪಾಠ ನೀವೇ ಕಟ್ಟಿ. ಐದು ತುಂಡು: ಬೇಕಲ ಕೋಟೆ ಮತ್ತು ಕೆಳದಿ ನಾಯಕರು, ಹೈದರ್-ಟಿಪ್ಪು ಕಾಲ, 1799ರಲ್ಲಿ ಕಂಪನಿಯ ಕೈಗೆ ಹೋದದ್ದು, 1956ರಲ್ಲಿ ಕೇರಳಕ್ಕೆ ಸೇರಿದ್ದು, 1984ರಲ್ಲಿ ಜಿಲ್ಲೆಯಾದದ್ದು. ಐದೈದು ಮಂದಿಯ ಗುಂಪು. 23 ಮಕ್ಕಳಾದ್ದರಿಂದ ಮೂವರು ಉಳಿಯುತ್ತಾರೆ, ಅವರನ್ನು ಒಂದೊಂದು ಗುಂಪಿಗೆ ಒಬ್ಬೊಬ್ಬರಂತೆ ಸೇರಿಸಿ, ಅಲ್ಲಿ ಒಂದು ತುಂಡನ್ನು ಇಬ್ಬರು ಜೋಡಿಯಾಗಿ ಹೇಳಲಿ. ಗೆಳೆಯರನ್ನೆಲ್ಲ ಒಟ್ಟಿಗೆ ಕೂರಿಸಬೇಡಿ. ಮುಖ್ಯವಾದದ್ದು ಇನ್ನೊಂದುಂಟು: ಗುಂಪಿಗೆ ಹೇಳುವ ಮೊದಲು ಒಂದೇ ತುಂಡು ಸಿಕ್ಕಿದ ಮಕ್ಕಳೆಲ್ಲ ಬೇರೆ ಕೂತು ಅದನ್ನು ಓದಿ, ಹೇಳಿ ಅಭ್ಯಾಸ ಮಾಡಬೇಕು. ನಿಮ್ಮ ಹೊಟ್ಟೆನೋವಿನ ಹುಡುಗಿಗೆ ಬೇಕಾದದ್ದು ಆ ಹದಿನೈದು ನಿಮಿಷ. 1956ರ ತುಂಡು ಅವಳಿಗೆ ಕೊಡಿ. ಅವಳು ಹೇಳದಿದ್ದರೆ ಅವಳ ಗುಂಪಿಗೆ 1956 ಇಲ್ಲ. ಕೊನೆಗೆ ಎಲ್ಲರಿಗೂ ಐದೂ ತುಂಡಿನಿಂದ ಪ್ರಶ್ನೆ ಕೇಳಿ, ಇಲ್ಲದಿದ್ದರೆ ಇದೆಲ್ಲ ಬರೀ ಆಟವಾಗುತ್ತದೆ. ಒಂದು ದಿನ ಮಾಡಿ ಬಿಟ್ಟರೂ ಫಲ ಇಲ್ಲ. ವಾರಕ್ಕೆರಡು ಸಲದಂತೆ ಓಣಂ ಪರೀಕ್ಷೆಯವರೆಗೆ ಮಾಡಿ ನೋಡಿ.

ಮಕ್ಕಳು ಒಬ್ಬರನ್ನೊಬ್ಬರು ಹೊಗಳುವುದನ್ನು ಹೇಗೆ ಕಲಿಸುವುದು ಅಂತಲೂ ಕೇಳಿದ್ದೀರಿ. ಚಪ್ಪಾಳೆ, 'ವೆರಿ ಗುಡ್' ನನಗೆ ಅಷ್ಟು ಸೇರುವುದಿಲ್ಲ, ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. ನಮ್ಮ ತಾಳಮದ್ದಳೆಯಲ್ಲಿ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನದಲ್ಲಿ, ಪಾತ್ರದ ಮಾತು ಆಡುವ ಒಳ್ಳೆಯ ಅರ್ಥಧಾರಿ ಏನು ಮಾಡುತ್ತಾನೆ? ಎದುರಿನವನ ಮಾತನ್ನು ಎತ್ತಿ ಹೇಳಿ, ಆಮೇಲೆ ಅದಕ್ಕೆ ಉತ್ತರ ಕೊಡುತ್ತಾನೆ. ಅಂದರೆ ಪೂರ್ತಿ ಕೇಳಿಸಿಕೊಂಡಿರಲೇಬೇಕು. (ಕೇಳಿಸಿಕೊಳ್ಳದೆ ಬರೀ ಕೊಂಕು ಆಡುವವರೂ ಇದ್ದಾರೆ, ಅವರನ್ನು ಕ್ಲಾಸಿಗೆ ಕರೆಯಬೇಡಿ.) ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಿಮಗೆ ದೂರವೇನಲ್ಲ, ನಿಮ್ಮ ಮಕ್ಕಳಿಗೆ ಇದು ಗೊತ್ತಿರುವ ಆಟವೇ. ಗುಂಪಿನಲ್ಲಿ ಒಬ್ಬಳು ಹೇಳಿ ಮುಗಿಸಿದ ಮೇಲೆ ಮುಂದಿನವನು ಮೊದಲು ಅವಳ ಮಾತಿನಲ್ಲಿ ತನಗೆ ಸಿಕ್ಕಿದ ಒಂದು ಸಂಗತಿ ಹೇಳಬೇಕು. 'ನವೆಂಬರ್ ಒಂದು ಅಂತ ನೀನು ಹೇಳಿದ್ದಕ್ಕೆ ನನಗೆ ಗೊತ್ತಾಯಿತು' ಅಂದರೆ ಸಾಕು.

ಹೊಡೆಯದೆ ಮಕ್ಕಳು ಸರಿಯಾಗುವುದಿಲ್ಲ ಅನ್ನುವ ನಿಮ್ಮ ಸಹೋದ್ಯೋಗಿಗೆ ಒಂದೇ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಬೆತ್ತವನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿದೆ. ನನ್ನ ಮಾಷ್ಟ್ರ ನಗುವನ್ನು ನಾನು ಎರಡನೆಯದಕ್ಕೇ ಸೇರಿಸುತ್ತೇನೆ.

ಆ ಹುಡುಗಿಯನ್ನು ಸದ್ಯಕ್ಕೆ ಇಡೀ ಕ್ಲಾಸಿನ ಮುಂದೆ ಓದಿಸಬೇಡಿ. ಗುಂಪಿನ ನಾಲ್ವರ ಮುಂದೆ ಓದಲಿ. ಹೊಟ್ಟೆನೋವು ನಿಜವಾದದ್ದೇ ಆಗಿರಬಹುದು, ಅವಳ ಅಮ್ಮನಿಗೆ ಒಂದು ಮಾತು ಹೇಳಿಡಿ.

ಡಬ್ಬಿಯ 47 ರೂಪಾಯಿಗೆ ನಿಮ್ಮದೂ ಸ್ವಲ್ಪ ಸೇರಿಸಿ ಕಡಲೆಮಿಠಾಯಿ ತಂದುಬಿಡಿ. ದಂಡ ಕಟ್ಟಿದವರಿಗೂ ಕಟ್ಟದವರಿಗೂ ಒಂದೊಂದು. ಓಣಂ ರಜೆ ಮುಗಿದ ಮೇಲೆ ಏನಾಯಿತು ಅಂತ ಬರೆಯಿರಿ.

— ಸಂ.