ಕ್ಯಾಮೆರಾ ಪ್ರಶ್ನೋತ್ತರ: ಕುದುರೆಮುಖದ ಕಾಟಿ, ಮುಳ್ಳಯ್ಯನಗಿರಿಯ ಮಂಜು

ಪ್ರಶ್ನೆ: ಡಿಸೆಂಬರ್‌ನಲ್ಲಿ ಕುದುರೆಮುಖ ಹತ್ತುತ್ತಿದ್ದೇವೆ. ನನ್ನ ಹತ್ತಿರ 18-55 ಮತ್ತು 70-300 ಎಂ.ಎಂ. ಲೆನ್ಸ್‌ಗಳಿವೆ. ಕಾಟಿ (ಕಾಡುಕೋಣ) ಸಿಕ್ಕರೆ ಬಿಡಬಾರದೆಂಬ ಆಸೆ. ಗೆಳೆಯರ 150-600 ಲೆನ್ಸ್ ಕಡ ತರಲೇ? ಟ್ರೈಪಾಡ್ ಬೇಕೇ? – ಓದುಗರು, ಹಾಸನ

ಉತ್ತರ: ಕಡ ತರಬೇಡಿ. ಆ ಲೆನ್ಸ್ ಒಂದೇ ಹತ್ತಿರಹತ್ತಿರ 2 ಕೆ.ಜಿ. ತೂಗುತ್ತದೆ. ಚಾರಣ ಶುರುವಾಗುವ ಮುಳ್ಳೋಡಿಯಿಂದ ತುದಿಗೆ ಹೋಗಿಬರಲು ಸುಮಾರು 20 ಕಿ.ಮೀ.; ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲವಾದ್ದರಿಂದ ಹೊತ್ತದ್ದನ್ನೆಲ್ಲ ಅದೇ ದಿನ ಇಳಿಸಬೇಕು. ಅರ್ಧ ಏರುವಷ್ಟರಲ್ಲಿ ಭಾರದ ಲೆನ್ಸ್ ಬ್ಯಾಗಿನ ತಳ ಸೇರುತ್ತದೆ. ಕಾಟಿ ಎದುರಾದಾಗ ಅದನ್ನು ಹೊರತೆಗೆಯಲು ಪುರುಸೊತ್ತಿರುವುದಿಲ್ಲ.

70-300 ಸಾಕು (ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಲೆಕ್ಕ ಹಾಕಿ ನೋಡಿ: ನಿಮ್ಮದು ಎಪಿಎಸ್-ಸಿ ಸೆನ್ಸರ್ (ಫುಲ್‌ಫ್ರೇಮ್‌ಗಿಂತ ಚಿಕ್ಕದು) ಆಗಿದ್ದರೆ, 100 ಮೀಟರ್ ದೂರದಲ್ಲಿ 300 ಎಂ.ಎಂ.ಗೆ ಸುಮಾರು 8 ಮೀಟರ್ ಅಗಲ, 5 ಮೀಟರ್ ಎತ್ತರದ ಜಾಗ ಸಿಗುತ್ತದೆ. ದೊಡ್ಡ ಕಾಟಿ ಭುಜದ ಮಟ್ಟಕ್ಕೆ ಆರಡಿ ಇರುತ್ತದೆ, ಅಂದರೆ ಚಿತ್ರದ ಎತ್ತರದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಮಿಕ್ಕ ಜಾಗದಲ್ಲಿ ಹುಲ್ಲುಗಾವಲು, ಕಣಿವೆಯ ಶೋಲಾ ಕಾಡು. ಬರೀ ಮುಖ ತುಂಬಿದ ಫೋಟೊ ಮೃಗಾಲಯದಲ್ಲೂ ಸಿಗುತ್ತದಲ್ಲ! ಆ 100 ಮೀಟರಿಗಿಂತ ಹತ್ತಿರ ಹೋಗಬೇಡಿ. ಕಾಟಿ ಮೇಯುವುದು ನಿಲ್ಲಿಸಿ ತಲೆ ಎತ್ತಿ ನಿಮ್ಮನ್ನೇ ನೋಡಿದರೆ ನೀವು ಆಗಲೇ ಹತ್ತಿರವಾಗಿದ್ದೀರಿ. ಬೆನ್ನು ತೋರಿಸಿ ಓಡದೆ ಮೆಲ್ಲಗೆ ಹಿಂದೆ ಸರಿಯಿರಿ.

300ರಲ್ಲಿ ಶಟರ್ ವೇಗ 1/500 ಸೆಕೆಂಡಿಗಿಂತ ನಿಧಾನ ಬೇಡ. ಏರು ಹತ್ತಿ ಏದುಸಿರು ಬಿಡುವಾಗ 1/1000 ಇಡಿ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200ಕ್ಕೆ ಹೋದರೂ ಚಿಂತೆಯಿಲ್ಲ. ಕಾಳು ಕಾಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು. ಟ್ರೈಪಾಡ್ ಮನೆಯಲ್ಲಿರಲಿ, ಬಂಡೆಯ ಮೇಲೆ ಬ್ಯಾಗಿಟ್ಟು ಅದರ ಮೇಲೆ ಲೆನ್ಸ್ ಊರಿ. ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಂಡರೆ ಏರಿನಲ್ಲಿ ಬಗ್ಗಿದಾಗಲೆಲ್ಲ ಬಂಡೆಗೆ ಬಡಿಯುತ್ತದೆ. ಬ್ಯಾಗಿನ ಭುಜಪಟ್ಟಿಗೆ ಸಿಕ್ಕಿಸುವ ಕ್ಲಿಪ್ ಒಳ್ಳೆಯದು. ದೃಶ್ಯಗಳಿಗೆ 18-55 ಲೆನ್ಸ್, ಅಪರ್ಚರ್ (ಬೆಳಕು ಬರುವ ಕಂಡಿ) ಎಫ್ 8. ಗಾಳಿ ಬೀಸುವ ಏಣಿನ ಮೇಲೆ ಲೆನ್ಸ್ ಬದಲಿಸಬೇಡಿ, ಸೆನ್ಸರ್ ಮೇಲೆ ದೂಳು ಕೂರುತ್ತದೆ.

ಪ್ರಶ್ನೆ: ಮುಳ್ಳಯ್ಯನಗಿರಿಯ ಮಂಜು ಕಣ್ಣಿಗೆ ಹಾಲಿನಂತಿತ್ತು, ಫೋಟೊದಲ್ಲಿ ಬೂದಿ ಬಣ್ಣ. ಫೋಕಸ್ಸೂ ಹಿಂದೆ ಮುಂದೆ ಓಡುತ್ತಿತ್ತು. – ಓದುಗರು, ಅರಸೀಕೆರೆ

ಉತ್ತರ: ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗಿರುವ ಬಿಳಿ ಮಂಜನ್ನೂ ನಡುಬೂದು ಎಂದೇ ಭಾವಿಸಿ ಬೆಳಕು ಕಡಿಮೆ ಮಾಡುತ್ತದೆ. ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಪ್ಲಸ್ 1ಕ್ಕೆ ತನ್ನಿ. ಬರೀ ಮಂಜಿನಲ್ಲಿ ಫೋಕಸ್ಸಿಗೆ ಹಿಡಿತ ಸಿಗದು. ಬಂಡೆಯ ಅಂಚಿಗೋ ಒಂಟಿಮರಕ್ಕೋ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿಕೊಳ್ಳಿ. ಫ್ಲ್ಯಾಶ್ ಬೇಡ, ಹನಿಗಳೇ ಬಿಳಿ ಚುಕ್ಕೆಗಳಾಗುತ್ತವೆ. ಲೆನ್ಸ್ ಹುಡ್ ಹಾಕಿ, ಗಾಜನ್ನು ಆಗಾಗ ಒರೆಸಿ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. – ಓದುಗರು, ಮೂಡಿಗೆರೆ

ಉತ್ತರ: ಅದು ಬೂಷ್ಟು. ಒಳಗಿನ ಗಾಜಿನ ಮೇಲಿರುವುದರಿಂದ ಹೊರಗೆ ಎಷ್ಟು ಒರೆಸಿದರೂ ಹೋಗದು, ಲೆನ್ಸ್ ಬಿಚ್ಚಬಲ್ಲ ರಿಪೇರಿಯವರಿಗೇ ಕೊಡಿ. ಬೇಗ ಕೊಡಿ, ತಡವಾದರೆ ಲೇಪನವನ್ನೇ ತಿಂದಿರುತ್ತದೆ. ಇನ್ನು ಮುಂದೆ ಕ್ಯಾಮೆರಾ ಬ್ಯಾಗನ್ನು ಬೀರುವಿನಲ್ಲಿಡಬೇಡಿ, ಅದರ ಮೆತ್ತೆ ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಮಾಪಕ, ತೇವಾಂಶ ಶೇ. 40-50 ಇದ್ದರೆ ಸರಿ. ನೀಲಿ ಜೆಲ್ ಗುಲಾಬಿಯಾದಾಗ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ. ದೋಸೆ ಹೊಯ್ಯುವ ಕಾವಲಿ ಮಾತ್ರ ಬೇಡ: ಆ ನೀಲಿ ಬಣ್ಣ ಕೋಬಾಲ್ಟ್‌ನದು, ವಿಷ.